ಸೊರಬಕ್ಕೆ ಹೋಗಿ ರಕ್ತ ತೋರಿಸಿದ್ದು

ಹೊಸ ಸೊಸೆ ಆಷಾಢದಲ್ಲಿ ಗಂಡನ ಮನೆಯಲ್ಲಿರಬಾರದು ಎಂಬ ಪದ್ಧತಿಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಮದುವೆಯಾದ ವರ್ಷ ನಾನು ಅವರನ್ನು ಮನಸಾರೆ ಬೈದಿದ್ದೆ. ಎಂಬತ್ತು ದಾಟಿದ ಈ ವಯಸ್ಸಿನಲ್ಲಿ ಅವರಿಗೆ ಕೈ ಮುಗಿಯುತ್ತೇನೆ. ಆ ಒಂದು ತಿಂಗಳು ನಾನು ಉಡುತಡಿಯ ತವರುಮನೆಯಲ್ಲಿ ಇರದೆ ಶಿಕಾರಿಪುರದಲ್ಲೇ ಇದ್ದಿದ್ದರೆ ಏನಾಗುತ್ತಿತ್ತೋ ಹೇಳಲಾರೆ.

ಕನ್ನಡದ ಸೀಮೆಗಳೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾಗಿ ಒಂದೆರಡು ವರ್ಷವಾಗಿತ್ತು. ನನಗೆ ಹದಿನೆಂಟು. ಎಂಟನೇ ಇಯತ್ತೆಯವರೆಗೆ ಓದಿದ್ದೆ, ನಮ್ಮೂರಿಗೆ ಅದೇ ದೊಡ್ಡದು. ವೈಶಾಖದಲ್ಲಿ ಮದುವೆ ಮಾಡಿ ಶಿಕಾರಿಪುರದ ಒಂದು ವ್ಯಾಪಾರದ ಮನೆಗೆ ಕೊಟ್ಟರು. ಅವರಿಗೆ ಪೇಟೆಯಲ್ಲಿ ಕಾಳಿನ ಅಂಗಡಿ, ಅಂಜನಾಪುರ ಅಣೆಕಟ್ಟಿನ ನೀರು ಹರಿಯುವ ಕಡೆ ಒಂದಿಷ್ಟು ಗದ್ದೆ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಮೂರೇ ಜನ. ಮಾವ ತೀರಿಕೊಂಡು ಆಗಲೇ ಏಳೆಂಟು ವರ್ಷವಾಗಿತ್ತು. ಗಂಡ ಒಬ್ಬನೇ ಮಗ, ಇಪ್ಪತ್ತಾರು ವರ್ಷ, ನಗಿಸಿ ನಗಿಸಿ ಸಾಯಿಸುವ ಮನುಷ್ಯ. ನನಗೆ ಅವರು ಇಷ್ಟವಾಗಿದ್ದರು, ಅದನ್ನು ಹೇಳಲು ಈಗ ನಾಚಿಕೆ ಏಕೆ? ಒಂದೂವರೆ ತಿಂಗಳು ಜೊತೆಯಲ್ಲಿದ್ದೆವು. ಆಷಾಢ ಬಂತು, ನನ್ನನ್ನು ತವರಿಗೆ ಬಿಟ್ಟು ಹೋದರು.

ಶ್ರಾವಣ ಹುಟ್ಟಿದ ಎರಡನೆಯ ದಿನ ಕರೆದೊಯ್ಯಲು ಬಂದರು. ನಮ್ಮಮ್ಮ ಹೋಳಿಗೆ ಮಾಡಿದರು, ನಡುಮನೆಯ ಪಕ್ಕದ ಕೋಣೆಗೆ ಹೊಸ ಜಮಖಾನ ಹಾಸಿದರು, ನಮ್ಮ ಚಿಕ್ಕಮ್ಮ ನನ್ನ ಜಡೆಗೆ ತಾನೇ ಹೂ ಮುಡಿಸಿದಳು. ಅಳಿಯ ಊಟಕ್ಕೆ ಮುಂಚೆ ಹಣೆ ತುಂಬ ವಿಭೂತಿ ಧರಿಸಿ ಮಣೆಯ ಮೇಲೆ ಕೂತರು. ಆದರೆ ನಮ್ಮಪ್ಪ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುತ್ತಿದ್ದರೆ ಇವರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ತೆರೆಯಲೇ ಇಲ್ಲ. ಅಪ್ಪ ನೋಡಿದರು, ಪೇಟೆಯವರ ರೀತಿ ಇರಬೇಕು ಎಂದು ಸುಮ್ಮನಾದರು. ಊಟವಾದ ಮೇಲೆ, ಮೈಯೆಲ್ಲ ಉಷ್ಣವಾಗಿದೆ, ಗಾಳಿಯಲ್ಲಿ ಮಲಗುತ್ತೇನೆ ಎಂದು ಕಂಬಳಿ ಹಿಡಿದು ಜಗುಲಿಗೆ ಹೋದರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಒಂದು ತಿಂಗಳು ಹೆಂಡತಿಯಿಂದ ದೂರವಿದ್ದವನಿಗೆ ಉಷ್ಣವಾಗದೆ ಇನ್ನೇನಾಗುತ್ತೆ ಎಂದು ಚಿಕ್ಕಮ್ಮ ಕೇಳಿದಳು. ನನಗೆ ನಗು ಬರಲಿಲ್ಲ. ತಲೆಯ ಹೂವನ್ನು ಕಿತ್ತು ಗೂಡಿನಲ್ಲಿ ಬಿಸಾಕಿ ಮಲಗಿದೆ.

ಮಾರನೆಯ ಬೆಳಿಗ್ಗೆ, ಹೊಸದಾಗಿ ಮದುವೆಯಾದವರು ತೊಗರ್ಸಿ ಮಲ್ಲಿಕಾರ್ಜುನನಿಗೆ ಹಣ್ಣುಕಾಯಿ ಮಾಡಿಸಿಕೊಂಡು ಹೋಗುತ್ತೇವೆ ಎಂದು ಅವರೇ ಹೇಳಿದರು. ಅಪ್ಪ ಗಾಡಿ ಕಟ್ಟಿಸಿದರು. ಪೂಜೆ ಮುಗಿಯಿತು. ಗಾಡಿಯವನು ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದ. ದೇವಸ್ಥಾನದ ಹೊರಗಿನ ಕಲ್ಲುಹಾಸಿನ ಮೇಲೆ ನಾನು ಪ್ರಸಾದದ ಬಾಳೆಹಣ್ಣು ಸುಲಿಯುತ್ತಿದ್ದೆ. ಅವರು ನನ್ನಿಂದ ಒಂದು ಮಾರು ದೂರ ಕೂತು, ನನ್ನ ಮುಖ ನೋಡದೆ ಹೇಳಿದರು.

"ನಾನು ಒಂದು ತಪ್ಪು ಮಾಡೀನಿ. ಆಷಾಢದಾಗೆ ದಾವಣಗೆರೆಗೆ ಕಾಳು ಹಾಕಕ್ಕೆ ಹೋಗಿದ್ದಾಗ, ಅಲ್ಲಿ ಒಬ್ಬ ಹೆಂಗಸಿನ ಮನೆಗೆ ಹೋಗಿದ್ವಿ. ನಾನು, ನನ್ನ ಗೆಳೆಯ, ಇಬ್ರೂ."

ನಾನು ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

"ಅವನಿಗೆ ಈಗ ಹುಣ್ಣಾಗೈತೆ. ಸೊರಬದ ಆಸ್ಪತ್ರೆಗೆ ತೋರಿಸ್ದ. ಪರಂಗಿ ರೋಗ ಅಂತ, ಡಾಕ್ಟ್ರ ಬಾಯಾಗೆ ಸಿಫಿಲಿಸ್. ನಂಗೇನೂ ಆಗಿಲ್ಲ. ಆದ್ರೆ ಏನೂ ಕಾಣದಿದ್ರೂ ರಕ್ತದಾಗೆ ಇರ್ತದೆ, ನಿನ್ನ ಜೊತೆ ಬಂದೋನ್ನ ಕಳಿಸು ಅಂತ ಡಾಕ್ಟ್ರು ಹೇಳ್ಯಾರಂತೆ."

"ಹೋದ್ರೇನು ನೀವು?"

"ಇಲ್ಲ. ಮೈ ತಂಪು ಮಾಡ್ಕೊಂಡು ಹೋಗಾಣ ಅಂತ. ಹದಿನೈದು ದಿನದಿಂದ ಹರಳೆಣ್ಣೆ ಹಚ್ಕೊಂಡು ಸ್ನಾನ ಮಾಡ್ತಾ ಇದೀನಿ. ಕೊತ್ತಂಬರಿ ಬೀಜದ ನೀರು, ಎಳನೀರು, ಬರೀ ಮಜ್ಜಿಗೆ ಅನ್ನ. ರಕ್ತ ತಂಪಾದ ಮೇಲೆ ತೋರಿಸಿದ್ರೆ ಏನೂ ಬರಲ್ಲ." ದನಿ ತಗ್ಗಿಸಿ ಹೇಳಿದರು, "ಲಿಂಗ ಕೈಯಾಗೆ ಹಿಡಿಯಾಕೆ ಧೈರ್ಯ ಬರ್ತಿಲ್ಲ. ನಿನ್ನ ಮುಟ್ಟಾಕೂ ಬರ್ತಿಲ್ಲ."

ನಾನು ಆ ಹಣ್ಣನ್ನು ಅವರ ಕಡೆಗೆ ಎಸೆದೆ. ಭುಜಕ್ಕೆ ಬಡಿದು ಕೆಳಗೆ ಬಿತ್ತು. ದೇವರ ಪ್ರಸಾದ ಎಸೆದದ್ದು ಅದೊಂದೇ ಸಲ. ಎದ್ದು ಅಪ್ಪನ ಮನೆಗೆ ನಡೆದುಬಿಡಬೇಕು ಎನ್ನಿಸಿತು. ಆದರೂ ಎದ್ದು ಹೋಗಲಿಲ್ಲ, ಏಕೆಂದರೆ ಸಿಟ್ಟಿನ ಜೊತೆಗೇ ಇನ್ನೊಂದು ನನ್ನನ್ನು ಹಿಡಿದು ಕೂರಿಸಿತ್ತು. ಗಂಡಸರು ಏನು ಮಾಡುತ್ತಾರೆ ಎಂಬುದು ನಮ್ಮ ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಬಾವಿಕಟ್ಟೆಯಲ್ಲಿ, ಒನಕೆ ಹಿಡಿದಾಗ, ಬಾಣಂತಿಯ ಕೋಣೆಯಲ್ಲಿ ಆ ಮಾತು ಬರುತ್ತಿತ್ತು. ಆದರೆ ಮಾಡಿದವನೇ ಹೆಂಡತಿಯ ಎದುರು ಕೂತು, ಯಾರೂ ಹಿಡಿಯದೆ, ಯಾರೂ ಕೇಳದೆ, ತನ್ನ ಬಾಯಿಂದ ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಜಗುಲಿಯಲ್ಲಿ ಮಲಗದೆ ಒಳಗೆ ಬಂದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಬರಲಿಲ್ಲ. ಇಂಥ ಗಂಡಸು ಇರುತ್ತಾನೆಯೇ ಎಂದು ಬೆರಗಾಯಿತು. ಇಂಥ ಗಂಡಸು ದಾವಣಗೆರೆಯಲ್ಲಿ ಹಾಗೇಕೆ ಮಾಡಿದ ಎಂದು ಮತ್ತೆ ಸಿಟ್ಟು ಬಂತು. ಎರಡೂ ಒಟ್ಟಿಗೆ ಇರಬಹುದು ಎಂದು ಅವತ್ತು ಗೊತ್ತಾಯಿತು.

"ಇವತ್ತೇ ಸೊರಬಕ್ಕೆ ಹೋಗಾಣ," ಎಂದೆ. "ನಾನೂ ಬರ್ತೀನಿ. ಡಾಕ್ಟ್ರು ಏನಂತಾರೆ ನನ್ನ ಕಿವಿಯಾಗೆ ಕೇಳ್ಬೇಕು."

ಶಿಕಾರಿಪುರದ ಆಸ್ಪತ್ರೆ ಅವರಿಗೆ ಆಗದು. ಅಲ್ಲಿನ ಕಾಂಪೌಂಡರ್ ದಿನಾ ಅವರ ಅಂಗಡಿಯಲ್ಲೇ ಬೇಳೆ ಕೊಳ್ಳುತ್ತಿದ್ದ. ಸೊರಬದಲ್ಲಿ ನಮ್ಮ ಗುರುತಿನವರು ಯಾರೂ ಇರಲಿಲ್ಲ. ಗಾಡಿಯಲ್ಲೇ ಶಿರಾಳಕೊಪ್ಪದವರೆಗೆ ಬಂದು, ಹಾಗೇ ಶಿಕಾರಿಪುರಕ್ಕೆ ಹೋಗುತ್ತೇವೆಂದು ಗಾಡಿಯವನಿಗೆ ಹೇಳಿ ಕಳಿಸಿ, ಸೊರಬದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅವರು ಎರಡು ಸಲ ಕೆಮ್ಮಿದರು, ನಾನು ತಿರುಗಲಿಲ್ಲ.

ಸೊರಬದ ಆಸ್ಪತ್ರೆ ಹೆಂಚಿನ ಚಿಕ್ಕ ಕಟ್ಟಡ. ಡಾಕ್ಟರು ಮೈಸೂರು ಕಡೆಯವರು, ವಯಸ್ಸಾದವರು, ಕೋಟಿನ ಜೇಬಿನಲ್ಲಿ ಎರಡು ಪೆನ್ನು. ನನ್ನ ಗಂಡ ತೊದಲುತ್ತಾ ವಿಷಯ ಹೇಳಿದರು. ಡಾಕ್ಟರು ಕತ್ತೆತ್ತದೆ ಬರೆದುಕೊಳ್ಳುತ್ತಾ ಹೋದರು. ಹೋಗಿದ್ದು ಯಾವಾಗ, ಎಷ್ಟು ದಿನವಾಯಿತು, ಹುಣ್ಣು ಕಂಡಿದೆಯೋ, ಉಚ್ಚೆ ಹೊಯ್ಯುವಾಗ ಉರಿ ಇದೆಯೋ. ಜ್ವರ ಬಂದು ಎಷ್ಟು ದಿನವಾಯಿತು ಎಂದು ಕೇಳುವ ದನಿಯಲ್ಲೇ ಅದನ್ನೆಲ್ಲ ಕೇಳಿದರು. ಗೋಡೆ ಬೀಳಲಿಲ್ಲ, ನರ್ಸಮ್ಮ ಕಿವಿ ಮುಚ್ಚಿಕೊಳ್ಳಲಿಲ್ಲ. ಊರು ಊರೇ ಸೆರಗಿನಡಿ ಪಿಸುಗುಟ್ಟುವ ಮಾತನ್ನು ಹೀಗೆ ಬೆಳಕಿನಲ್ಲಿ ಮೇಜಿನ ಮೇಲಿಟ್ಟು ಮಾತಾಡಬಹುದು ಎಂಬುದು ನನಗೆ ಮಲ್ಲಿಕಾರ್ಜುನನ ದರ್ಶನಕ್ಕಿಂತ ದೊಡ್ಡದಾಗಿ ಕಂಡಿತು. ದೇವರು ಕ್ಷಮಿಸಲಿ.

ಕೊನೆಗೆ ನನ್ನ ಗಂಡ ಸ್ವಲ್ಪ ಧೈರ್ಯ ತಂದುಕೊಂಡು, "ಈಗ ಮೈ ತಂಪಾಗೈತೆ ಸಾರ್. ಹದಿನೈದು ದಿನ ಎಣ್ಣೆ ಸ್ನಾನ ಮಾಡೀನಿ. ಬಿಸಿ ಪದಾರ್ಥ ಮುಟ್ಟಿಲ್ಲ," ಎಂದರು. ಪರೀಕ್ಷೆಗೆ ಚೆನ್ನಾಗಿ ಓದಿಕೊಂಡು ಬಂದಿದ್ದೇನೆ ಎನ್ನುವ ಹುಡುಗರ ಹಾಗೆ ಹೇಳಿದರು.

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ನಗು ನಿಲ್ಲಿಸಲು ಕನ್ನಡಕ ತೆಗೆದು ಒರೆಸಿಕೊಂಡರು.

"ಈ ಕಡೆಯಿಂದ ಬರೋರೆಲ್ಲ ಹೀಗೇ, ತಂಪು ಮಾಡ್ಕೊಂಡೇ ಬರ್ತಾರೆ. ಇದು ಉಷ್ಣ ಅಲ್ಲಪ್ಪ, ಕಣ್ಣಿಗೆ ಕಾಣದ ಹುಳ. ಅದಕ್ಕೆ ಎಣ್ಣೇನೂ ಇಲ್ಲ, ಎಳನೀರೂ ಇಲ್ಲ. ಇದ್ದರೆ ರಕ್ತ ಹೇಳುತ್ತೆ. ನೀನು ಹದಿನೈದು ದಿನ ಸುಮ್ಮನೆ ಕಳೆದೆ ಅಷ್ಟೆ." ಮತ್ತೆ ಪೆನ್ನು ತೆಗೆದುಕೊಂಡು ಕೇಳಿದರು, "ಇದೇ ಮೊದಲೋ? ಇದಕ್ಕೆ ಮುಂಚೆ?"

ನನ್ನ ಗಂಡ ಅಂಗಿಯ ಗುಂಡಿ ತಿರುವತೊಡಗಿದರು. ಡಾಕ್ಟರು ಕಾದರು. ನಾನೂ ಕಾದೆ.

"ಹೋದ ವರ್ಷ. ಮದುವೆ ಗೊತ್ತಾಗಾಕಿಂತ ಮುಂಚೆ. ಒಂದ್ಸಲ."

ತೊಗರ್ಸಿಯಲ್ಲಿ ಇದನ್ನು ಹೇಳಿರಲಿಲ್ಲ. ಅರ್ಧ ನಿಜ ಹೇಳಿ ಪೂರ್ತಿ ಬೆರಗನ್ನು ನನ್ನಿಂದ ವಸೂಲು ಮಾಡಿದ್ದರು. ನಾನು ಅವರನ್ನು ನೋಡಲೇ ಇಲ್ಲ, ಡಾಕ್ಟರ ಮುಖವನ್ನೇ ನೋಡುತ್ತಾ ಕೂತೆ. ಡಾಕ್ಟರು ನನ್ನ ಕಡೆ ತಿರುಗಿದರು.

"ಹಾಗಾದರೆ ನಿನ್ನದೂ ತೆಗೀಬೇಕಮ್ಮ. ಹೆಂಗಸರಿಗೆ ಎಷ್ಟೋ ಸಲ ಹುಣ್ಣು ಕಾಣೋದೇ ಇಲ್ಲ. ಕಾಣದೆ ಒಳಗಿದ್ದು ಹೊಟ್ಟೆಯ ಮಗೂನ ಹಿಡಿಯುತ್ತೆ. ಬಸಿರು ಇಳಿದುಹೋಗುತ್ತೆ, ಇಲ್ಲ ಹೆತ್ತ ಕೂಸು ತಿಂಗಳೊಳಗೆ ಹೋಗುತ್ತೆ. ಒಂದಾದ ಮೇಲೊಂದು ಹೋಗಿ ಹೋಗಿ, ಎಷ್ಟೋ ವರ್ಷದ ಮೇಲೆ ಒಂದು ಉಳಿದರೂ ಉಳೀಬಹುದು. ಈಗ ಔಷಧ ಇದೆ, ಹೆದರಬೇಡ. ನೋಡದೆ ಬಿಟ್ಟರೆ ಮಾತ್ರ ಹೆದರಬೇಕು."

ಆಗ ನಾನು ನನ್ನ ಗಂಡನನ್ನು ನೋಡಿದೆ. ಅವರೂ ನನ್ನನ್ನು ನೋಡಿದರು. ಇಬ್ಬರ ತಲೆಯಲ್ಲೂ ಬಂದದ್ದು ಒಂದೇ. ಅತ್ತೆಗೆ ಇವರಿಗಿಂತ ಮುಂಚೆ ಐದು ಮಕ್ಕಳಾಗಿದ್ದವು. ಎರಡು ಹೊಟ್ಟೆಯಲ್ಲೇ ಹೋಗಿದ್ದವು, ಮೂರು ಹುಟ್ಟಿ ಹೋಗಿದ್ದವು. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ಅಡಿಗೆಮನೆಯಲ್ಲಿ ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ, ಬೇರೆ ಯಾರದೋ ಸುದ್ದಿಯ ಹಾಗೆ ನನಗೆ ಹೇಳಿದ್ದರು. ಆರನೆಯವರು ನನ್ನ ಗಂಡ. ಇದನ್ನು ಡಾಕ್ಟರಿಗೆ ನಾವಿಬ್ಬರೂ ಹೇಳಲಿಲ್ಲ. ಹೇಳುವುದು ನಮ್ಮದಲ್ಲ ಎನ್ನಿಸಿತು.

ನರ್ಸಮ್ಮ ಸೂಜಿಯನ್ನು ಸ್ಪಿರಿಟ್ ಸ್ಟೋವಿನ ಮೇಲೆ ಕುದಿಸಿ ತಂದಳು. ತೋಳಿಗೆ ರಬ್ಬರು ಬಿಗಿದು, ಗಾಜಿನ ಸಿರಿಂಜಿನಲ್ಲಿ ರಕ್ತ ಎಳೆದು, ಬೆರಳುದ್ದದ ಗಾಜಿನ ಕೊಳವೆಗೆ ಬಿಟ್ಟಳು. ಅವರದೊಂದು ಕೊಳವೆ, ನನ್ನದೊಂದು. ಹೆಸರು ಬರೆಯಲಿಲ್ಲ, ಎರಡಕ್ಕೂ ನಂಬರಿನ ಚೀಟಿ ಅಂಟಿಸಿ ಮರದ ಗೂಡಿನಲ್ಲಿ ಅಕ್ಕಪಕ್ಕ ನಿಲ್ಲಿಸಿದಳು. ತಲೆ ಸುತ್ತಿದರೆ ಕಷ್ಟ, ಸ್ವಲ್ಪ ಕೂತಿರಿ ಎಂದಳು. ಕೂತೆವು.

ಕೂತಿದ್ದಾಗ ಕಂಡದ್ದನ್ನು ನಾನು ಇಂದಿಗೂ ಮರೆತಿಲ್ಲ. ಕೊಳವೆಯಲ್ಲಿದ್ದ ರಕ್ತ ಮೊದಲು ಗಟ್ಟಿಯಾಯಿತು. ಆಮೇಲೆ ನೋಡುತ್ತಾ ನೋಡುತ್ತಾ ಅದರ ಮೇಲೆ ಸ್ವಲ್ಪ ಸ್ವಲ್ಪವಾಗಿ ತಿಳಿ ನೀರು ನಿಂತಿತು, ಮೊಸರಿನ ಮೇಲೆ ನಿಲ್ಲುವ ತಿಳಿಯ ಹಾಗೆ. ಬಣ್ಣ ಎಳೆಯ ಜೇನಿನದು. ಬೆಳಕು ಆಚೆಯಿಂದ ಈಚೆಗೆ ಹಾಯುತ್ತಿತ್ತು.

"ಏನ್ರಿ ಅದು?" ಎಂದು ಡಾಕ್ಟರನ್ನು ಕೇಳಿದೆ.

"ಅದೇ ಬೇಕಾದ್ದು. ಕೆಂಪು ಅಲ್ಲೇ ಇರುತ್ತೆ. ಈ ತಿಳಿ ಶಿವಮೊಗ್ಗಕ್ಕೆ ಹೋಗುತ್ತೆ. ನಿನ್ನ ಮೈಗೆ ಯಾವ ರೋಗ ಬಂದಿತ್ತು ಅನ್ನೋದನ್ನ ಅದು ಮರೆಯೋದಿಲ್ಲ."

ಹದಿನೆಂಟು ವರ್ಷ ನನ್ನೊಳಗೆ ಇಂಥದ್ದೊಂದು ಹರಿಯುತ್ತಿತ್ತು, ನನಗೇ ಗೊತ್ತಿರಲಿಲ್ಲ. ರಕ್ತವೆಂದರೆ ಕೆಂಪು, ಮುಟ್ಟು, ಮೈಲಿಗೆ, ಗಾಯ, ಅಷ್ಟೇ ತಿಳಿದವಳು ನಾನು. ಅದರೊಳಗೆ ಇಷ್ಟು ಶುದ್ಧವಾದ ನೀರು ಕೂತು ನಡೆದದ್ದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ ಎಂದರೆ ನಂಬುವುದು ಹೇಗೆ? ಕೈ ಮುಗಿಯಬೇಕು ಎನ್ನಿಸಿತು, ಮುಗಿಯಲಿಲ್ಲ. ಪಕ್ಕದ ಕೊಳವೆಯಲ್ಲಿ ನನ್ನ ಗಂಡನದೂ ಅಷ್ಟೇ ತಿಳಿಯಾಗಿತ್ತು. ನೋಡಿದರೆ ವ್ಯತ್ಯಾಸವೇ ಇಲ್ಲ. ಅಷ್ಟು ಮಾಡಿದವರ ರಕ್ತ ಕಪ್ಪಗಾದರೂ ಇರಬಾರದಿತ್ತೇ ಎಂದು ನನಗೆ ಆ ಬೆರಗಿನ ನಡುವೆಯೂ ಹೊಟ್ಟೆಯುರಿಯಿತು.

ಹೊರಡುವಾಗ ಡಾಕ್ಟರು ಹೇಳಿದರು. ಈಗಿನದರಲ್ಲಿ ಇಲ್ಲ ಎಂದು ಬಂದರೂ ನಂಬುವಂತಿಲ್ಲ, ರೋಗ ಹೊಸದಾದರೆ ರಕ್ತದಲ್ಲಿ ಕಾಣಲು ದಿನ ಹಿಡಿಯುತ್ತದೆ. ಮೂರು ತಿಂಗಳು ಬಿಟ್ಟು ಮತ್ತೆ ಕೊಡಬೇಕು. ಅಲ್ಲಿಯವರೆಗೆ ಗಂಡ ಹೆಂಡತಿ ದೂರ. "ಇರ್ತೀಯೇನಪ್ಪ?" ಎಂದು ಅವರನ್ನು ಕೇಳಿದರು. ಇರುತ್ತೇನೆ ಎಂದರು. ಡಾಕ್ಟರಿಗೆ ಅದು ಸಾಕಾಗಲಿಲ್ಲ, ನನ್ನನ್ನು ನೋಡಿ, "ಇರಿಸ್ತೀಯೇನಮ್ಮ?" ಎಂದರು.

"ಇರಿಸ್ತೀನ್ರಿ," ಎಂದೆ.

ಹೇಳುವುದೇನೋ ಸುಲಭ. ಮೂರು ಜನರ ಮನೆ, ನಮಗೆ ಒಂದು ಕೋಣೆ, ಆಷಾಢ ಕಳೆದು ಬಂದ ಹೊಸ ಸೊಸೆ. ನಾನು ಮೂರು ತಿಂಗಳು ಅತ್ತೆಯ ಪಕ್ಕ ಚಾಪೆ ಹಾಸಿದರೆ ಅತ್ತೆ ಏನೆಂದುಕೊಂಡಾರು, ಪಕ್ಕದ ಮನೆಯವರು ಏನೆಂದುಕೊಂಡಾರು? ಶಿಕಾರಿಪುರದ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ಶ್ರಾವಣ ಸೋಮವಾರ ಹತ್ತಿರ ಬಂದಿತ್ತು. ಹದಿನಾರು ಸೋಮವಾರದ ವ್ರತ ಹಿಡಿದರೆ ಹದಿನಾರು ವಾರ, ಮೂರು ತಿಂಗಳ ಮೇಲೆ ಇನ್ನೂ ಮೂರು ವಾರ ಮಿಗುತ್ತದೆ. ಸೋಮವಾರ ಒಪ್ಪೊತ್ತು, ವ್ರತ ಮುಗಿಯುವವರೆಗೆ ನೆಲದ ಮೇಲೆ ಒಬ್ಬಳೇ ಮಲಗುವುದು. ಆ ನೆಲದ ಮಾತನ್ನು ನಾನೇ ಸೇರಿಸಿದೆ. ತೊಗರ್ಸಿ ಮಲ್ಲಿಕಾರ್ಜುನನ ಎದುರು ಹರಕೆ ಹೊತ್ತು ಬಂದಿದ್ದೇನೆ ಎಂದು ಅತ್ತೆಗೆ ಹೇಳಿದೆ. ಅತ್ತೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಒಳ್ಳೇದಾತು," ಎಂದು ಒಳಗೆ ಹೋಗಿ ನನಗೆ ಬೇರೆ ಚಾಪೆ ತಂದುಕೊಟ್ಟರು.

ಮುಂದಿನದು ನನ್ನ ಕೈ ಮೀರಿತು. ಇಷ್ಟು ಸಣ್ಣ ವಯಸ್ಸಿಗೆ ಇಷ್ಟು ಭಕ್ತಿಯೇ ಎಂದು ಬೀದಿಯ ಹೆಂಗಸರು ಮಾತಾಡಿಕೊಂಡರು. ಸೋಮವಾರ ಸಂಜೆ ಬಂದು ನನ್ನ ಕೈಯಿಂದ ವಿಭೂತಿ ಹಚ್ಚಿಸಿಕೊಳ್ಳತೊಡಗಿದರು. ಒಬ್ಬಾಕೆ ಮಗಳಿಗೆ ಗಂಡು ಗೊತ್ತಾಗಲಿ ಎಂದು ನನ್ನಿಂದ ಹೇಳಿಸಿಕೊಂಡು ಹೋದಳು, ಹದಿನೈದು ದಿನದಲ್ಲಿ ಗೊತ್ತಾಗಿಯೂ ಬಿಟ್ಟಿತು. ಆಮೇಲಂತೂ ನನಗೆ ನಗಲೂ ಆಗದು ಅಳಲೂ ಆಗದು. ನನ್ನ ಗಂಡ ಅಂಗಡಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ, ತಲೆ ತಗ್ಗಿಸಿಕೊಂಡು ಹಿತ್ತಲ ಕಡೆಯಿಂದ ಒಳಗೆ ಬರುತ್ತಿದ್ದರು.

ಮೊದಲ ಫಲಿತಾಂಶ ತರಲು ಅವರೊಬ್ಬರೇ ಸೊರಬಕ್ಕೆ ಹೋಗಿ ಬಂದರು. ಬಾವಿಯ ಹತ್ತಿರ ನಾನು ಪಾತ್ರೆ ತೊಳೆಯುತ್ತಿದ್ದೆ. "ಇಬ್ರದೂ ಇಲ್ಲ ಅಂತ ಬಂದೈತೆ," ಎಂದರು. ಹಳೆಯದು ಇಲ್ಲ ಎಂದು ಅದರರ್ಥ. ಅಂದರೆ ನನ್ನ ಮೈ ಹಗುರ. ಉಳಿದದ್ದು ಅವರದು ಮಾತ್ರ, ಆಷಾಢದ್ದು. ನಾನು ಸಂತೋಷಪಡಬೇಕಿತ್ತು, ಅದರ ಬದಲು ಹೊಸ ಹೆದರಿಕೆ ಹುಟ್ಟಿತು. ಇವರಿಗೆ ಇದ್ದರೆ? ಸೂಜಿ ಹಾಕಿಸಬಹುದು, ವಾಸಿಯಾಗಬಹುದು, ಆದರೆ ಅವರನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗುತ್ತದೆಯೇ? ಅಲ್ಲಿಯವರೆಗೆ ನಾನು ಅವರ ಜೊತೆ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದೆ. ಅವರು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ, ಕೋಣೆಯ ಹೊಸ್ತಿಲು ದಾಟಿ ನನ್ನ ಚಾಪೆಯ ಕಡೆ ಬರಲಿಲ್ಲ. ಅಂಗಡಿಯಿಂದ ಬಂದ ಮೇಲೆ ಜಗುಲಿಯಲ್ಲಿ ಕೂತು ನಾನು ಕೇಳುವಂತೆ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ತಿಂಗಳು ಹಾಗೇ ಕೇಳಿದೆ. ಆಮೇಲೆ ಒಂದು ದಿನ, "ಆ ಸಾಲು ಇನ್ನೊಂದ್ಸಲ ಓದ್ರಿ," ಎಂದೆ. ಅವರು ಎಷ್ಟು ಸಂತೋಷಪಟ್ಟರೆಂದರೆ ಯಾವ ಸಾಲು ಎಂಬುದನ್ನೇ ಮರೆತರು. ಹೀಗೆ, ಹಾಸಿಗೆಯಿಲ್ಲದ ಆ ದಿನಗಳಲ್ಲಿ, ನಾನು ಗಂಡನನ್ನು ಹೊಸದಾಗಿ ಕಂಡೆ.

ಕಾರ್ತೀಕದಲ್ಲಿ ಮತ್ತೆ ಸೊರಬಕ್ಕೆ ಹೋಗಿ ರಕ್ತ ಕೊಟ್ಟು ಬಂದೆವು. ಹತ್ತು ದಿನ ಬಿಟ್ಟು ಹೋದಾಗ ಡಾಕ್ಟರು ಕಾಗದ ತೆಗೆದು ನೋಡಿ, "ಏನೂ ಇಲ್ಲಪ್ಪ. ಹೋಗಿ ಸಂಸಾರ ಮಾಡು. ಇನ್ನೊಂದು ಸಲ ಈ ಕೆಲಸಕ್ಕೆ ನನ್ನ ಮುಂದೆ ಬರಬೇಡ," ಎಂದರು. ನನ್ನ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತರು. ಎದೆಯ ಕರಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ನನಗೂ ಅಳು ಬಂತು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ಅಡಿಗೆಮನೆಯಲ್ಲಿ ಒಬ್ಬರೇ ರೊಟ್ಟಿ ತಟ್ಟುತ್ತಿದ್ದರು. ನಾನು ಕಾಲು ತೊಳೆದು ಒಳಗೆ ಹೋಗಿ ಹಂಚಿನ ಮುಂದೆ ಕೂತೆ. ಅತ್ತೆ ಕೈ ನಿಲ್ಲಿಸದೆ ಕೇಳಿದರು.

"ಏನಂದ್ರು ಡಾಕ್ಟ್ರು?"

"ಯಾವ ಡಾಕ್ಟ್ರು ಅತ್ತೆ?"

"ಹದಿನಾರು ಸೋಮವಾರ ನಾನೂ ಮಾಡೀನಿ ತಂಗಿ. ಒಂದ್ಸಲ ಅಲ್ಲ, ಮೂರು ಸಲ. ಅದಕ್ಕೆ ನೆಲದ ಮ್ಯಾಲೆ ಮಲಗು ಅಂತ ಯಾರೂ ಹೇಳಿಲ್ಲ, ಸೊರಬದ ಬಸ್ಸೂ ಬೇಕಾಗಲ್ಲ." ರೊಟ್ಟಿ ತಿರುವಿ ಹಾಕಿದರು. "ಅವನು ಮೈ ಉಷ್ಣ ಆಗೈತೆ ಎಣ್ಣೆ ಹಚ್ಚು ಅಂದಾಗ್ಲೇ ನಂಗೆ ಗೊತ್ತಾತು. ಅವರಪ್ಪನೂ ಹಂಗೇ ಅಂತಿದ್ರು. ಅವರ ತಲೆಗೂ ನಾನೇ ಹಚ್ಚೀನಿ."

ನಾಲ್ಕು ತಿಂಗಳು ಅತ್ತೆ ಎಲ್ಲ ತಿಳಿದೂ, ಬೀದಿಯ ಹೆಂಗಸರು ನನ್ನ ಭಕ್ತಿ ಹೊಗಳುವಾಗ ಪಕ್ಕದಲ್ಲಿ ಕೂತು ತಲೆಯಾಡಿಸಿದ್ದಾರೆ, ನನ್ನ ಚಾಪೆಯನ್ನು ಕಾದಿದ್ದಾರೆ. ಇನ್ನು ಮುಚ್ಚಿಡಲು ಏನಿತ್ತು? ತೊಗರ್ಸಿಯಿಂದ ಹಿಡಿದು ಎಲ್ಲ ಹೇಳಿದೆ. ಡಾಕ್ಟರು ಹೊಟ್ಟೆಯ ಕೂಸುಗಳ ಬಗ್ಗೆ ಹೇಳಿದ್ದನ್ನೂ ಬಿಡಲಿಲ್ಲ. ಅತ್ತೆಯ ಕೈ ಹಿಟ್ಟಿನ ಮೇಲೆ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು, ಇಬ್ಬರೂ ತೆಗೆಯಲಿಲ್ಲ.

"ನಂದು ಐದು ಹೋದ್ವು," ಎಂದರು. "ನಾಗರ ದೋಷ ಅಂದ್ರು, ಕಲ್ಲು ನಿಲ್ಲಿಸ್ದೆ. ಆಮೇಲೆ ನಮ್ಮತ್ತೆ ಹೇಳಿದ್ರು, ಇವಳ ಎದೆಹಾಲು ವಿಷ ಐತೆ ಅಂತ. ಇವನು ಹುಟ್ಟಿದಾಗ ನನ್ನ ಹತ್ರ ಬಿಡ್ಲೇ ಇಲ್ಲ. ಹಾಲು ಬಂದು ಎದೆ ಕಲ್ಲಾಗ್ತಿತ್ತು, ಹಿತ್ತಲಾಗೆ ಹಿಂಡಿ ಚೆಲ್ತಿದ್ದೆ. ಆಚೆ ಕೋಣ್ಯಾಗೆ ಇವನು ಅಳ್ತಿದ್ದ. ಎಮ್ಮೆ ಹಾಲು ಹಾಕಿ ಬೆಳೆಸಿದ್ರು." ಕೈಗಂಟಿದ ಹಿಟ್ಟನ್ನು ಉಜ್ಜುತ್ತಾ ಕೇಳಿದರು, "ಇಪ್ಪತ್ತೈದು ಮೂವತ್ತು ವರ್ಷ ಆದ್ಮೇಲೂ ರಕ್ತದಾಗೆ ಅದು ಇರ್ತದೇನು?"

"ಮರೆಯೋದಿಲ್ಲ ಅಂತ ಡಾಕ್ಟ್ರು ಅಂದಿದ್ರು."

"ಹಂಗಾರೆ ನಂದೂ ನೋಡ್ತಾರೇನು ಕೇಳು."

ಅತ್ತೆ ಹುಟ್ಟಿದ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ. ಮುಂದಿನ ವಾರ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿ, ಮದುವೆ ಮನೆಗೆ ಹೊರಟವರ ಹಾಗೆ ಬಸ್ಸು ಹತ್ತಿದರು. ನರ್ಸಮ್ಮನ ಮುಂದೆ ತೋಳು ಚಾಚಿ ಕೂತಾಗ ಮುಖ ತಿರುಗಿಸಲಿಲ್ಲ. ರಕ್ತ ಕೊಳವೆಗೆ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಫಲಿತಾಂಶ ನಾವು ತರುತ್ತೇವೆ ಎಂದರೆ ಒಪ್ಪಲಿಲ್ಲ, ಹತ್ತು ದಿನದ ಮೇಲೆ ತಾವೇ ಬಂದರು. ನನ್ನ ಗಂಡ ಒಳಗೆ ಬರಲು ಧೈರ್ಯ ಸಾಲದೆ ಹೊರಗೆ ಮರದ ಕೆಳಗೆ ನಿಂತರು.

ಡಾಕ್ಟರು ಕಾಗದವನ್ನು ಎರಡು ಸಲ ಓದಿದರು. "ಇದೆಯಮ್ಮ. ಬಹಳ ಹಳೇದು. ಗಂಡನಿಂದ ಬಂದಿರೋದು. ಸೂಜಿ ಹಾಕಿಸ್ಕೊಂಡರೆ ಇನ್ನು ಮುಂದೆ ತೊಂದರೆ ಕೊಡೋದಿಲ್ಲ."

ಅತ್ತೆ ಕುಸಿಯುತ್ತಾರೆ ಎಂದು ನಾನು ತೋಳು ಹಿಡಿದುಕೊಂಡೆ. ಅವರು ಕುಸಿಯಲಿಲ್ಲ.

"ನನ್ನ ಐದೂ ಇದಕ್ಕೇ ಹೋದ್ವೇನ್ರಿ?"

"ಇದಕ್ಕೇ ಇರಬೇಕು."

"ಎದೆಹಾಲಿಗೆ ಅಲ್ಲ?"

ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೆಲ್ಲಗೆ ಹೇಳಿದರು, "ಹಾಲಿಗೂ ಇದಕ್ಕೂ ಸಂಬಂಧ ಇಲ್ಲ ತಾಯಿ. ಹೊಟ್ಟೆಯಲ್ಲಿದ್ದಾಗಲೇ ಹಿಡಿದಿರುತ್ತೆ. ನಿಮ್ಮ ಹಾಲು ಚೆನ್ನಾಗೇ ಇತ್ತು."

ಆವತ್ತೇ ಮೊದಲ ಸೂಜಿ ಹಾಕಿಸಿಕೊಂಡರು. ರೋಗ ಇದೆ ಎಂದು ಕೇಳಿ ಬಂದ ಹೆಂಗಸಿನ ಮುಖ ಅಷ್ಟು ಬೆಳಗಿದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮೂವತ್ತು ವರ್ಷದ ಅಪರಾಧವನ್ನು ಒಂದು ಕೊಳವೆ ತಿಳಿ ನೀರು ಇಳಿಸಿಬಿಟ್ಟಿತ್ತು. ನಾನು ಪಕ್ಕದಲ್ಲಿ ನಡೆಯುತ್ತಾ ಬಾಯಿ ಬಿಟ್ಟುಕೊಂಡು ಅವರನ್ನೇ ನೋಡುತ್ತಿದ್ದೆ. ಅತ್ತೆ ಸೆರಗು ಹೊದ್ದುಕೊಂಡು ನೇರವಾಗಿ ಮರದ ಕೆಳಗೆ ನಿಂತಿದ್ದ ಮಗನ ಹತ್ತಿರ ಹೋದರು. ಏನಾಯಿತು ಎಂದು ಕೇಳಲು ಅವರು ಬಾಯಿ ತೆರೆಯುವಷ್ಟರಲ್ಲಿ, ಇಪ್ಪತ್ತಾರು ವರ್ಷದ ಆ ಗಂಡಸಿನ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದರು.

"ನಿಂಗೆ ನಾನು ಹಾಲು ಕುಡಿಸಬಹುದಿತ್ತಂತೆ ಕಣೋ."